ಊರೂರು ಸಂಚರಿಸುವ ನೌಕರರು ಮತ್ತು ಕಡತಗಳ ಹಕ್ಕು

ಗುತ್ತಿಗಾರಿನಲ್ಲಿ ಅಡಿಕೆ ಖರೀದಿಸಿ ಪುತ್ತೂರು, ಮಂಗಳೂರುಗಳಲ್ಲಿ ಮಾರುವ ವರ್ತಕರ ಗುಮಾಸ್ತರು ಒಂದೇ ಲೆಕ್ಕವನ್ನು ಹಲವು ಕಚೇರಿಗಳಿಂದ ತೆರೆಯಬೇಕಾಗುತ್ತದೆ. ಕಡತದ ಹಕ್ಕನ್ನು ಕಂಪ್ಯೂಟರಿಗಲ್ಲ, ನೌಕರನ ಹೊಣೆಗೆ ಅನುಗುಣವಾಗಿ ನೀಡತಕ್ಕದ್ದು: ಖರೀದಿ ಗುಮಾಸ್ತನು ದರಪಟ್ಟಿಯನ್ನು ಓದಲಿ, ತೂಕದ ಕಡತದಲ್ಲಿ ಮಾತ್ರ ಬರೆಯಲಿ. ಹೊರಗಿನಿಂದ ಪ್ರವೇಶವು ವಿ.ಪಿ.ಎನ್. ಮೂಲಕವೇ ಆಗಲಿ.

ಮಳೆಗಾಲದಲ್ಲಿ ಸಂಪರ್ಕ ಕಡಿದಾಗ, ವಿಂಡೋಸ್ 2000ದೊಂದಿಗೆ ಬಂದ ‘ಆಫ್‌ಲೈನ್ ಫೈಲ್ಸ್’ ಸೌಲಭ್ಯವು ಲ್ಯಾಪ್‌ಟಾಪಿನಲ್ಲಿರಿಸಿದ ನಕಲಿನಲ್ಲಿ ಕೆಲಸ ಮುಂದುವರಿಸಲು ನೆರವಾಗಿ, ಸಂಪರ್ಕ ಮರಳಿದೊಡನೆ ಮೂಲದೊಂದಿಗೆ ಹೊಂದಿಸುತ್ತದೆ. ಆದರೆ ಅಷ್ಟರಲ್ಲಿ ಇಬ್ಬರು ಒಂದೇ ಕಡತವನ್ನು ತಿದ್ದಿದ್ದರೆ, ಯಾವುದು ಸರಿಯೆಂದು ಯಂತ್ರವು ಅರಿಯದು. ಆಯ್ಕೆ ತಪ್ಪಿದರೆ ಬೆಳೆಗಾರನೊಬ್ಬನ ತೂಕವೇ ಅಳಿದೀತು. ಆದುದರಿಂದ ಒಂದೊಂದು ಕೇಂದ್ರಕ್ಕೂ ಪ್ರತ್ಯೇಕ ಕಡತವಿರಿಸಿ, ದಿನಾಂತ್ಯದಲ್ಲಿ ಮುಖ್ಯ ಕಚೇರಿಯಲ್ಲಿ ಒಟ್ಟುಗೂಡಿಸುವುದು ಲೇಸು. ಕೆಲಸ ಬಿಟ್ಟವರ ಹಕ್ಕನ್ನು ಅದೇ ದಿನ ರದ್ದುಪಡಿಸಲು ಮರೆಯಬಾರದು.