ಗಾಜಿನ ಪಾತ್ರೆಯೊಳಗಿನ ಮರದ ಹೊಟ್ಟು: ಜೋರಾಸಾಂಕೊ ಮನೆಯ ಭಾನುವಾರದ ಪಾಠ

ಕಲ್ಕತ್ತೆಯ ಜೋರಾಸಾಂಕೊದಲ್ಲಿರುವ ಠಾಕೂರರ ಮನೆಯಲ್ಲಿ 1870ರ ಆಸುಪಾಸಿನ ಕೆಲವು ವರ್ಷ ಮೂವರು ಹುಡುಗರಿಗಾಗಿ ಒಂದು ಮನೆಶಾಲೆ ನಡೆಯುತ್ತಿತ್ತು. ಸೋಮೇಂದ್ರನಾಥ, ಅವನಿಗಿಂತ ಸುಮಾರು ಎರಡು ವರ್ಷಕ್ಕೆ ಕಿರಿಯ ತಮ್ಮ ರವೀಂದ್ರನಾಥ, ಅಕ್ಕ ಸೌದಾಮಿನಿಯ ಮಗ ಸತ್ಯಪ್ರಸಾದ ಅದರ ವಿದ್ಯಾರ್ಥಿಗಳು. ಹುಡುಗರು ಹಗಲು ಹೊರಗಿನ ಶಾಲೆಗೂ ಹೋಗಿ ಬರುತ್ತಿದ್ದರು. ಕಿರಿಯವನಾದ ರವೀಂದ್ರನಾಥ ಓರಿಯೆಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ಸ್ ಎಂದು ಒಂದಾದ ಮೇಲೊಂದು ಶಾಲೆ ನೋಡಿದ. ಯಾವುದರಲ್ಲೂ ನೆಲೆ ನಿಲ್ಲಲಿಲ್ಲ. ಕಲಿತದ್ದೆಲ್ಲ ಮನೆಯಲ್ಲಿ, ಶಾಲೆಗೆ ಹೊರಡುವ ಮುಂಚೆ ಮತ್ತು ಶಾಲೆಯಿಂದ ಬಂದ ಮೇಲೆ. ಈ ಮನೆಶಾಲೆಯ ವಿವರ ಸಿಗುವುದು ಮುಖ್ಯವಾಗಿ ಅವರೇ ಮುಂದೆ ಬರೆದ ಎರಡು ಪುಸ್ತಕಗಳಲ್ಲಿ: 1912ರ ‘ಜೀವನಸ್ಮೃತಿ’ ಮತ್ತು ತೀರಿಕೊಳ್ಳುವ ಹಿಂದಿನ ವರ್ಷ, 1940ರಲ್ಲಿ, ಪ್ರಕಟವಾದ ‘ಛೇಲೇಬೇಲಾ’.

ವ್ಯವಸ್ಥೆಯ ಹೊಣೆ ಹೊತ್ತವರು ಮೂರನೆಯ ಅಣ್ಣ ಹೇಮೇಂದ್ರನಾಥ. ತಂದೆ ದೇವೇಂದ್ರನಾಥರು ಬ್ರಾಹ್ಮಸಮಾಜದ ಕೆಲಸ, ಹಿಮಾಲಯದ ಪ್ರವಾಸ ಎಂದು ವರ್ಷದ ಹೆಚ್ಚಿನ ಕಾಲ ಮನೆಯಿಂದ ದೂರವಿರುತ್ತಿದ್ದರು. 1844ರಲ್ಲಿ ಹುಟ್ಟಿದ ಹೇಮೇಂದ್ರನಾಥರು ಕೆಲಕಾಲ ವೈದ್ಯಕೀಯ ಓದಿದವರು, ಕುಸ್ತಿಯ ಹುಚ್ಚಿನವರು. ಮನೆಯ ಹೆಣ್ಣುಮಕ್ಕಳಿಗೂ ಸೊಸೆಯಂದಿರಿಗೂ ಪಾಠ ಹೇಳಿಕೊಟ್ಟವರು ಅವರೇ. ಅವರ ಒಂದು ಹಟ ಇಡೀ ಮನೆಶಾಲೆಗೆ ಅಡಿಪಾಯವಾಯಿತು. ಕಲ್ಕತ್ತೆಯ ಉಳ್ಳವರ ಮನೆಗಳಲ್ಲೆಲ್ಲ ಇಂಗ್ಲಿಷಿನ ಅಬ್ಬರವಿದ್ದ ಕಾಲದಲ್ಲಿ, ಮಕ್ಕಳು ಮೊದಲು ಬಂಗಾಳಿಯಲ್ಲೇ ಎಲ್ಲವನ್ನೂ ಕಲಿಯಬೇಕು, ಇಂಗ್ಲಿಷ್ ಆಮೇಲೆ ಎಂದು ಅವರು ಪಟ್ಟು ಹಿಡಿದರು. ಈ ಒಂದು ಉಪಕಾರಕ್ಕಾಗಿ ರವೀಂದ್ರನಾಥರು ಆ ಅಣ್ಣನಿಗೆ ಕೊನೆಯವರೆಗೂ ಋಣಿಯಾಗಿದ್ದರು. ಹೇಮೇಂದ್ರನಾಥರು 1884ರಲ್ಲಿ, 40ರ ಹರೆಯದಲ್ಲೇ ತೀರಿಕೊಂಡರು.

ದಿನಚರಿ ಬೆಳಕು ಹರಿಯುವ ಮುಂಚೆ ಗರಡಿಯಲ್ಲಿ ಶುರುವಾಗುತ್ತಿತ್ತು. ಮನೆಯ ಪಕ್ಕದ ಜಾಗದಲ್ಲಿ ನೆಲವನ್ನು ಮೊಳದಷ್ಟು ಅಗೆದು, ಮಣ್ಣು ಸಡಿಲಿಸಿ, ಅದಕ್ಕೆ ಒಂದು ಮಣ ಸಾಸಿವೆ ಎಣ್ಣೆ ಸುರಿದು ಮಟ್ಟಿ ಹದ ಮಾಡಿದ್ದರು. ಮೈಸೂರಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸುವುದನ್ನು ಕಂಡವರಿಗೆ ಈ ಹದ ಹೊಸದಲ್ಲ. ಒಕ್ಕಣ್ಣಿನ ಪೈಲ್ವಾನನೊಬ್ಬ ಲಂಗೋಟಿ ಕಟ್ಟಿದ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದ. ಮಗ ರವೀಂದ್ರನಾಥ ದಿನಾ ಹೀಗೆ ಮಣ್ಣು ಮೆತ್ತಿಕೊಂಡು ಬರುವುದು ತಾಯಿ ಶಾರದಾದೇವಿಯವರಿಗೆ ಸರಿಬರುತ್ತಿರಲಿಲ್ಲ. ಮೈಬಣ್ಣ ಕಂದೀತೆಂದು ರಜೆಯ ಬೆಳಿಗ್ಗೆ ಅವನನ್ನು ಹಿಡಿದು ಕೂರಿಸಿ ಬಾದಾಮಿ, ಹಾಲಿನ ಕೆನೆ, ಕಿತ್ತಳೆ ಸಿಪ್ಪೆ ಅರೆದ ಲೇಪವನ್ನು ತಿಕ್ಕಿಸುತ್ತಿದ್ದರು. ಹುಡುಗ ಬಿಟ್ಟರೆ ಸಾಕೆಂದು ಒದ್ದಾಡುತ್ತಿದ್ದ.

ಮಣ್ಣಾದ ಮೈಮೇಲೆಯೇ ಅಂಗಿ ತೊಟ್ಟು ಪಾಠಕ್ಕೆ ಕೂರಬೇಕು. ನಾರ್ಮಲ್ ಸ್ಕೂಲಿನ ಮೇಷ್ಟರಾದ ನೀಲಕಮಲ ಘೋಷಾಲರು ಒಂಬತ್ತೂವರೆಯವರೆಗೆ ಭೌತವಿಜ್ಞಾನ, ರೇಖಾಗಣಿತ, ಲೆಕ್ಕ, ಇತಿಹಾಸ, ಭೂಗೋಳ ಕಲಿಸುತ್ತಿದ್ದರು. ಭಾಷಾಪಾಠಕ್ಕೆ ಮೈಕೇಲ್ ಮಧುಸೂದನ ದತ್ತರ ‘ಮೇಘನಾದವಧ’ ಕಾವ್ಯ. 1861ರಲ್ಲಿ, ಅಂದರೆ ರವೀಂದ್ರನಾಥ ಹುಟ್ಟಿದ ವರ್ಷವೇ ಬಂದ ಆ ಮಹಾಕಾವ್ಯವನ್ನು ವ್ಯಾಕರಣ ಕಲಿಸುವುದಕ್ಕೆ ಬಳಸಿದ್ದು ಕತ್ತಿಯಿಂದ ಕ್ಷೌರ ಮಾಡಿದ ಹಾಗಾಯಿತೆಂಬುದು ಶಿಷ್ಯನ ದೂರು. ಸಂಜೆ ಶಾಲೆಯಿಂದ ಬಂದೊಡನೆ ಅಂಗಸಾಧನೆಯ ಮೇಷ್ಟರು, ಅವರ ಹಿಂದೆ ಚಿತ್ರಕಲೆಯ ಮೇಷ್ಟರು. ದೀಪ ಹಚ್ಚಿದ ಮೇಲೆ ಇಂಗ್ಲಿಷಿಗೆ ಅಘೋರಬಾಬು. ರಾತ್ರಿ ಒಂಬತ್ತರ ನಂತರವೇ ಬಿಡುಗಡೆ. ನಡುವೆ ಒಬ್ಬ ಪಂಡಿತರು ಬಂದು, ಸಂಸ್ಕೃತದ ಗಂಧವಿಲ್ಲದ ಹುಡುಗರಿಂದ ‘ಮುಗ್ಧಬೋಧ’ ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿಸಿದರು. ಎಂಟು-ಹತ್ತು ವರ್ಷದ ಮಕ್ಕಳಿಗೆ ಇದು ಮಿತಿಮೀರಿದ ಹೊರೆ. ಮನೆಯಲ್ಲೇ ಕಲಿಸಿದರೆ ಮಗು ತಾನಾಗಿ ಸುಖವಾಗಿರುತ್ತದೆ ಎಂದು ನಂಬುವವರು ಈ ವೇಳಾಪಟ್ಟಿಯನ್ನೊಮ್ಮೆ ನೋಡಬೇಕು. ಹರಳೆಣ್ಣೆ ದೀಪದ ಮುಂದೆ ಇಂಗ್ಲಿಷ್ ಪುಸ್ತಕ ಬಿಚ್ಚಿದೊಡನೆ ಹುಡುಗನ ರೆಪ್ಪೆಗಳು ಭಾರವಾಗುತ್ತಿದ್ದವು. ಮಳೆ ಸುರಿದು ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತ ಸಂಜೆಗಳಲ್ಲಿ, ಇವತ್ತಾದರೂ ಮೇಷ್ಟರು ಬರಲಾರರು ಎಂದು ಅವನು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಓಣಿಯ ತಿರುವನ್ನೇ ನೋಡುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ತಿರುವಿನಲ್ಲಿ ಅಘೋರಬಾಬುಗಳ ಕಪ್ಪು ಕೊಡೆ ಕಾಣಿಸಿಕೊಳ್ಳುತ್ತಿತ್ತು.

ಆದರೆ ಇದೇ ಅಘೋರಬಾಬು ಒಂದು ಸಂಜೆ ಪುಸ್ತಕ ತೆರೆಯದೆ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದರು. ಅವರು ವೈದ್ಯಕೀಯ ವಿದ್ಯಾರ್ಥಿ. ಪೊಟ್ಟಣದಲ್ಲಿದ್ದದ್ದು ಮನುಷ್ಯನ ಧ್ವನಿಪೆಟ್ಟಿಗೆ. ಮಾತು ಹೊರಡುವುದು ಇದರಿಂದ ಎಂದು ಬಿಡಿಸಿ ತೋರಿಸಿದರು. ಮನುಷ್ಯ ಇಡಿಯಾಗಿ ಮಾತಾಡುತ್ತಾನೆ ಎಂದುಕೊಂಡಿದ್ದ ಹುಡುಗನಿಗೆ, ಮಾತನ್ನು ಹೀಗೆ ತುಂಡಾಗಿ ಅಂಗೈಯಲ್ಲಿ ಕಂಡು ಕಸಿವಿಸಿಯಾಯಿತು. ಮತ್ತೊಮ್ಮೆ ಅವರು ಹುಡುಗರನ್ನು ಮೆಡಿಕಲ್ ಕಾಲೇಜಿನ ಶವಚ್ಛೇದನದ ಕೋಣೆಗೇ ಕರೆದೊಯ್ದರು. ಮೇಜಿನ ಮೇಲಿದ್ದ ಮುದುಕಿಯ ಹೆಣ ಅವನನ್ನು ಅಷ್ಟು ಕಾಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಒಂದು ಕತ್ತರಿಸಿದ ಕಾಲು ಬಹಳ ದಿನ ಕಾಡಿತು. ಮೂಳೆಗಳ ಪಾಠಕ್ಕೆ ಬೇರೊಬ್ಬ ವೈದ್ಯ ವಿದ್ಯಾರ್ಥಿ ಬರುತ್ತಿದ್ದ. ತಂತಿಯಿಂದ ಜೋಡಿಸಿದ ಪೂರಾ ಅಸ್ಥಿಪಂಜರವೊಂದನ್ನು ಕೊಂಡು ತಂದು ಪಾಠದ ಕೋಣೆಯಲ್ಲಿ ನೇತುಹಾಕಿದ್ದರು. ರಾತ್ರಿ ಗಾಳಿ ಬೀಸಿದರೆ ಮೂಳೆಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. 1892ರ ‘ಕಂಕಾಲ’ ಕತೆ ತೆರೆದುಕೊಳ್ಳುವುದು ಇಂಥದೇ ಕೋಣೆಯ ನೆನಪಿನಿಂದ.

ವಾರದ ಪಾಠಗಳಲ್ಲಿ ಈ ಹುಡುಗ ಎದುರು ನೋಡುತ್ತಿದ್ದದ್ದು ಒಂದನ್ನೇ. ಭಾನುವಾರ ಬೆಳಿಗ್ಗೆ ಬ್ರಾಹ್ಮಸಮಾಜದ ಗಾಯಕ ವಿಷ್ಣು ಚಕ್ರವರ್ತಿ ಬಂದು, ದೊಡ್ಡ ರಾಗಗಳ ಗೊಡವೆಗೆ ಹೋಗದೆ ಬಂಗಾಳದ ಮನೆಮಾತಿನ ಪುಟ್ಟ ಹಾಡುಗಳನ್ನು ಕಲಿಸುತ್ತಿದ್ದರು. ಕೆಲವು ಭಾನುವಾರಗಳಂದು ಸೀತಾನಾಥ ದತ್ತರು ಬರುತ್ತಿದ್ದರು. ಅವರ ಕೈಯಲ್ಲಿ ಪುಸ್ತಕವಿಲ್ಲ, ವಿಜ್ಞಾನದ ಸಲಕರಣೆಗಳಿರುತ್ತಿದ್ದವು. ಅವರು ಬಾರದ ಭಾನುವಾರ ಹುಡುಗನಿಗೆ ಭಾನುವಾರದ ಹಾಗೆಯೇ ಅನಿಸುತ್ತಿರಲಿಲ್ಲ.

ಅವರು ತೋರಿಸಿದ ಪ್ರಯೋಗಗಳಲ್ಲಿ ಒಂದು ತೀರ ಸರಳ. ಗಾಜಿನ ಪಾತ್ರೆಗೆ ನೀರು ತುಂಬಿ, ಅದಕ್ಕೆ ಮರದ ಹೊಟ್ಟು ಹಾಕಿ ಬೆಂಕಿಯ ಮೇಲಿಟ್ಟರು. ತುಸು ಹೊತ್ತಿಗೆ ಹೊಟ್ಟಿನ ಕಣಗಳು ತಳದಿಂದ ಮೇಲೆದ್ದವು, ಮೇಲೆ ಬಂದವು ಪಕ್ಕಕ್ಕೆ ಸರಿದು ಮತ್ತೆ ಕೆಳಗಿಳಿದವು. ತಳದ ನೀರು ಬಿಸಿಯಾದಾಗ ಹಿಗ್ಗಿ ಹಗುರಾಗುತ್ತದೆ, ಹಗುರಾದದ್ದು ಮೇಲೇರುತ್ತದೆ. ಮೇಲಿನ ತಣ್ಣೀರು ಭಾರವಾದ್ದರಿಂದ ಆ ಜಾಗಕ್ಕೆ ಇಳಿಯುತ್ತದೆ. ಈ ಸುತ್ತಾಟ ಪ್ರತಿ ಮನೆಯ ಒಲೆಯ ಮೇಲೂ ದಿನವೂ ನಡೆಯುತ್ತದೆ. ನೀರಿಗೆ ಬಣ್ಣವಿಲ್ಲದ್ದರಿಂದ, ಪಾತ್ರೆ ತಾಮ್ರದ್ದೋ ಹಿತ್ತಾಳೆಯದ್ದೋ ಆದ್ದರಿಂದ, ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವಂತೆ ಮಾಡಿದ್ದು ಒಂದು ಚಿಟಿಕೆ ಹೊಟ್ಟು. ಪ್ರಯೋಗವನ್ನು ಇಂದು ಮನೆಯಲ್ಲಿ ಮಾಡುವವರು ಶಾಖಕ್ಕೆ ಸೀಳದ ಗಾಜಿನ ಪಾತ್ರೆ ಬಳಸಬೇಕು. ಒಣ ಹೊಟ್ಟು ತೇಲಿ ಮೇಲೆಯೇ ನಿಲ್ಲುತ್ತದೆ. ಹಿಂದಿನ ರಾತ್ರಿ ನೆನೆಹಾಕಿದರೆ ನೀರು ಕುಡಿದು ಭಾರವಾಗಿ ತಳ ಸೇರುತ್ತದೆ. ಪಾತ್ರೆಯ ಒಂದು ಬದಿಗೆ ಮಾತ್ರ ಸಣ್ಣ ಉರಿ ಕೊಟ್ಟರೆ ಒಂದು ಕಡೆ ಏರುವ, ಇನ್ನೊಂದು ಕಡೆ ಇಳಿಯುವ ದಾರಿ ಬಿಡಿಯಾಗಿ ಕಾಣುತ್ತದೆ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು.

ಹಾಲಿನ ಪಾಠವೂ ಇದೇ ಸಾಲಿನದು. ಹಾಲಿನೊಳಗೆ ನೀರು ಎಂಬ ಬೇರೆಯೇ ವಸ್ತು ಇದೆ, ಕಾಯಿಸಿದಾಗ ಅದು ಆವಿಯಾಗಿ ಹೊರಟುಹೋಗುತ್ತದೆ, ಆದ್ದರಿಂದಲೇ ಹಾಲು ಬತ್ತಿ ಗಟ್ಟಿಯಾಗುತ್ತದೆ ಎಂದು ತಿಳಿದ ದಿನವೂ ಹುಡುಗ ಹಿಗ್ಗಿಹೋದ. ಖೋವಾ ಮಾಡುವ ಪ್ರತಿ ಅಡುಗೆಮನೆಗೂ ಗೊತ್ತಿರುವ ಸಂಗತಿಯೇ ಅದು. ಆದರೆ ಗೊತ್ತಿರುವುದಕ್ಕೆ ಕಾರಣ ಸಿಕ್ಕಾಗ ಆಗುವ ಹಿಗ್ಗೇ ಬೇರೆ.

ಯಾರೂ ಹೇಳಿಕೊಡದ ಪಾಠಗಳೂ ಆ ಮನೆಯಲ್ಲಿ ನಡೆಯುತ್ತಿದ್ದವು. ವರಾಂಡದ ಮೂಲೆಯ ಮಣ್ಣುಗುಡ್ಡೆಯಲ್ಲಿ ಹುಡುಗ ಸೀತಾಫಲದ ಬೀಜ ಊರಿ, ಮೊಳೆತೀತೆಂದು ದಿನವೂ ನೀರುಣಿಸುತ್ತಿದ್ದ. ವರಾಂಡದ ಕಂಬಿಗಳನ್ನು ಶಿಷ್ಯರೆಂದು ಬಗೆದು ಬೆತ್ತ ಹಿಡಿದು ಪಾಠ ಹೇಳುತ್ತಿದ್ದ. ಹೊರಗಿನ ಶಾಲೆಯಿಂದ ಅವನು ಚೆನ್ನಾಗಿ ಕಲಿತದ್ದು ಮೇಷ್ಟರ ಸಿಡುಕೊಂದನ್ನೇ. ಹುಡುಗರೆಲ್ಲ ಸೇರಿ ಪಕ್ಕದ ತೋಟದಿಂದ ಕಲ್ಲು ಕದ್ದು ತಂದು ಪಾಠದ ಕೋಣೆಯ ಮೂಲೆಯಲ್ಲಿ ಒಂದು ಬೆಟ್ಟ ಕಟ್ಟಿ, ಅದರ ಸಂದುಗಳಲ್ಲಿ ಹೂಗಿಡ ನೆಟ್ಟರು. ಕೋಣೆಯ ಮೂಲೆ ಬೆಟ್ಟವಿರುವ ಜಾಗವಲ್ಲ ಎಂದು ದೊಡ್ಡವರಿಗೆ ಅನಿಸಿದ ದಿನ ಅದು ಅಲ್ಲಿಂದ ಮಾಯವಾಯಿತು.

1873ರಲ್ಲಿ ಉಪನಯನದ ನಂತರ ತಂದೆ ಮಗನನ್ನು ತಮ್ಮೊಡನೆ ಹಿಮಾಲಯಕ್ಕೆ ಕರೆದೊಯ್ದರು. ಮನೆಶಾಲೆ ಅಲ್ಲಿಗೂ ಹೋಯಿತು. ಆದರೆ ಕಲಿಸುವ ರೀತಿ ಬದಲಾಯಿತು. ದಾರಿಯಲ್ಲಿ ಬೋಲಪುರದಲ್ಲಿ ಉಳಿದಾಗ ಹುಡುಗ ಕೊರಕಲುಗಳಲ್ಲಿ ಅಲೆದು ಮಡಿಲ ತುಂಬ ಬಣ್ಣದ ಕಲ್ಲುಗಳನ್ನು ತಂದ. ಜೋರಾಸಾಂಕೊದಲ್ಲಿ ಕಲ್ಲಿನ ಬೆಟ್ಟ ಕಳೆದುಕೊಂಡಿದ್ದವನಿಗೆ ಇಲ್ಲಿ ತಂದೆಯೇ, ಈ ಕಲ್ಲುಗಳಿಂದ ನನ್ನ ಮಣ್ಣುದಿಬ್ಬವನ್ನು ಸಿಂಗರಿಸು ಎಂದರು. ಮಗ ಕಂಡುಹಿಡಿದ ಊಟೆಯ ನೀರನ್ನೇ ಸ್ನಾನಕ್ಕೂ ಕುಡಿಯಲಿಕ್ಕೂ ತರಿಸಿದರು. ಖರ್ಚಿನ ಹಣದ ಲೆಕ್ಕ ಇಡಲು ಕೊಟ್ಟರು, ತಮ್ಮ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ ವಹಿಸಿದರು. ಅವನ ಉತ್ಸಾಹಕ್ಕೆ ಗಡಿಯಾರ ತಾಳಲಾರದೆ ದುರಸ್ತಿಗೆ ಕಲ್ಕತ್ತೆಗೆ ಹೋಗಬೇಕಾಯಿತು. ಡಾಲ್‌ಹೌಸಿಯ ಬಕ್ರೋಟಾ ಬೆಟ್ಟದಲ್ಲಿ ನಸುಕಿಗೆ ಸಂಸ್ಕೃತದ ಶಬ್ದರೂಪ, ಹಗಲಲ್ಲಿ ಇಂಗ್ಲಿಷ್, ಇರುಳಾದ ಮೇಲೆ ಅಂಗಳದಲ್ಲಿ ಕುರ್ಚಿ ಹಾಕಿ ನಕ್ಷತ್ರಗಳ ಪರಿಚಯ. ಗ್ರಹಗಳ ಬಗ್ಗೆ ತಂದೆ ಹೇಳಿದ್ದನ್ನು ಹುಡುಗ ಬಂಗಾಳಿಯಲ್ಲಿ ಬರೆದಿಟ್ಟ.

ಆಮೇಲಿನ ವರ್ಷಗಳ ಮನೆಪಾಠ ಚೆದುರಿದ್ದು. ಜ್ಞಾನಚಂದ್ರ ಭಟ್ಟಾಚಾರ್ಯರು ‘ಕುಮಾರಸಂಭವ’ ಓದಿಸಿದರು. ‘ಮ್ಯಾಕ್‌ಬೆತ್’ನ ಅರ್ಥ ಹೇಳಿ, ಆ ಭಾಗವನ್ನು ಬಂಗಾಳಿ ಪದ್ಯಕ್ಕೆ ತರುವವರೆಗೆ ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. 1878ರಲ್ಲಿ ಎರಡನೆಯ ಅಣ್ಣ ಸತ್ಯೇಂದ್ರನಾಥರ ಅಹಮದಾಬಾದಿನ ಬಂಗಲೆಯಲ್ಲಿ ಅವನು ಗ್ರಂಥಭಂಡಾರದ ಪುಸ್ತಕಗಳೊಂದಿಗೆ ಒಬ್ಬನೇ ಹೆಣಗಿದ. ಇದೇ ಅಣ್ಣ ಮುಂದೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಬಂದು ಉಳಿದದ್ದರಿಂದ ಅಲ್ಲಿನ ಕಡಲತೀರ ಇಂದು ಅವರ ಹೆಸರಿನಲ್ಲಿದೆ.

ಕಲಿತವರು ಕಲಿಸುವವರಾದದ್ದು ಪದ್ಮಾ ನದಿಯ ದಂಡೆಯ ಶಿಲಾಯಿದಹದಲ್ಲಿ. 1898ರಿಂದ 1901ರವರೆಗೆ ಅವರು ತಮ್ಮ ಮಕ್ಕಳನ್ನು ಶಾಲೆಗೆ ಕಳಿಸದೆ ಅಲ್ಲಿನ ಮನೆಯಲ್ಲೇ ಓದಿಸಿದರು. ಲೆಕ್ಕಕ್ಕೆ ಜಗದಾನಂದ ರಾಯ್, ಸಂಸ್ಕೃತಕ್ಕೆ ಶಿವಧನ ವಿದ್ಯಾರ್ಣವ, ಇಂಗ್ಲಿಷಿಗೆ ಲಾರೆನ್ಸ್ ಎಂಬ ಆಂಗ್ಲ. ಈ ಲಾರೆನ್ಸರಿಗೆ ರೇಷ್ಮೆಹುಳುಗಳ ಮೇಲೆ ಎಲ್ಲಿಲ್ಲದ ಮೋಹ. ವಾರದ ಕೊನೆಗೆ ವಿಜ್ಞಾನಿ ಜಗದೀಶಚಂದ್ರ ಬೋಸರು ಬಂದರೆ ಮಗ ರಥೀಂದ್ರನಾಥನನ್ನು ಮರಳದಿಣ್ಣೆಗೆ ಕರೆದೊಯ್ದು, ಆಮೆ ಮೊಟ್ಟೆಯಿಟ್ಟ ಜಾಗವನ್ನು ಪತ್ತೆ ಹಚ್ಚುವ ಬಗೆ ತೋರಿಸುತ್ತಿದ್ದರು. ಆ ಹುಡುಗ 1906ರಲ್ಲಿ ಕೃಷಿವಿಜ್ಞಾನ ಓದಲು ಅಮೆರಿಕದ ಇಲಿನಾಯ್‌ಗೆ ಹೋದ. ಅದಕ್ಕೆ ಐದು ವರ್ಷ ಮುಂಚೆ, 1901ರ ಡಿಸೆಂಬರಿನಲ್ಲಿ, ಶಾಂತಿನಿಕೇತನದ ಬಯಲಿನಲ್ಲಿ ಐವರು ವಿದ್ಯಾರ್ಥಿಗಳೊಂದಿಗೆ ರವೀಂದ್ರನಾಥರ ಶಾಲೆ ಬ್ರಹ್ಮಚರ್ಯಾಶ್ರಮ ಆರಂಭವಾದಾಗ ಆ ಐವರಲ್ಲಿ ಅವನೂ ಒಬ್ಬ.

ಜೋರಾಸಾಂಕೊದ ಮನೆ ಈಗ ರವೀಂದ್ರಭಾರತಿ ವಿಶ್ವವಿದ್ಯಾಲಯದ ಆವರಣ. ಕವಿ ಹುಟ್ಟಿದ ಆ ಮನೆಯಲ್ಲೇ 1941ರ ಆಗಸ್ಟ್ 7ರಂದು ತೀರಿಕೊಂಡರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1937ರಲ್ಲಿ, ಅವರು ವಿಜ್ಞಾನ ಓದದ ಸಾಮಾನ್ಯರಿಗಾಗಿ ಪರಮಾಣು, ನಕ್ಷತ್ರ, ಗ್ರಹಗಳ ಬಗ್ಗೆ ‘ವಿಶ್ವಪರಿಚಯ’ ಬರೆದು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ಬಾಲ್ಯದ ಮೇಷ್ಟರುಗಳಲ್ಲಿ ಅದರ ಮುನ್ನುಡಿಗೆ ಬಂದವರು ಸೀತಾನಾಥ ದತ್ತರು. ಭಾನುವಾರದ ಬೆಳಿಗ್ಗೆ, ಒಂಬತ್ತು-ಹತ್ತು ವರ್ಷದ ಹುಡುಗ, ಉರಿಯ ಮೇಲೆ ನೀರು, ಆ ನೀರಿನಲ್ಲಿ ಏರುತ್ತ ಇಳಿಯುತ್ತ ಇರುವ ಮರದ ಹೊಟ್ಟು. ಬರೆಯುವಾಗ ಅವರಿಗೆ 76 ವರ್ಷ.