ಬೇಸಗೆಯಲ್ಲಿ ಹಿತ್ತಿಲ ತೋಟ: ಬಚ್ಚಲ ನೀರಿನ ಸದ್ವಿನಿಯೋಗ

ಬಯಲುಸೀಮೆಯ ಗ್ರಾಮಗಳಲ್ಲಿ ಹಿತ್ತಿಲಿಲ್ಲದ ಮನೆಗಳು ಕಡಮೆ. ಮಳೆಗಾಲದಲ್ಲಿ ಕುಂಬಳ, ಹೀರೆ, ಅವರೆಗಳ ಬಳ್ಳಿಗಳು ಹೆಚ್ಚಿನ ಆರೈಕೆಯಿಲ್ಲದೆಯೇ ಬೇಲಿಯ ಮೇಲೆ ಹಬ್ಬಿ, ಮನೆಯವರಿಗೆ ಸಾಕಾಗಿ ನೆರೆಯವರಿಗೂ ಹಂಚುವಷ್ಟು ಫಲವನ್ನು ಕೊಡುವುವು. ಆದರೆ ಶಿವರಾತ್ರಿ ಕಳೆದು ಬಿಸಿಲು ಬಲಿತೊಡನೆ ಅದೇ ಹಿತ್ತಿಲು ಒಣಗಿ, ಯುಗಾದಿಯ ಹೊತ್ತಿಗೆ ಬರಿಯ ಸೌದೆಯನ್ನು ಒಟ್ಟುವ ಸ್ಥಳವಾಗುವುದು. ಸೊಪ್ಪು ತರಕಾರಿಗಳನ್ನು ಸಂತೆಯಿಂದ ಕೊಳ್ಳಬೇಕಾಗುವುದು ಈ ತಿಂಗಳುಗಳಲ್ಲಿಯೇ. ಕೊಳ್ಳಲಾರದ ಮನೆಗಳಲ್ಲಿ ಮಕ್ಕಳಿಗೆ ಹಸುರು ಸೊಪ್ಪು ತಪ್ಪಿಹೋಗುವುದು. ಸೊಪ್ಪಿನಿಂದ ದೊರೆಯುವ ಎ ಜೀವಸತ್ವದ ಕೊರತೆಯು ಬಹುಕಾಲ ಮುಂದುವರಿದರೆ ಇರುಳುಗುರುಡು ಬರುವುದೆಂಬುದನ್ನು ಗೃಹಸ್ಥರು ಲಕ್ಷ್ಯದಲ್ಲಿಡುವುದು ಅವಶ್ಯಕ.

ಹಿತ್ತಿಲು ಒಣಗುವುದಕ್ಕೆ ನೀರಿಲ್ಲದಿರುವುದೇ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಇದು ಅರ್ಧ ಮಾತ್ರ ನಿಜ. ಬಾವಿ ಮತ್ತು ಕೊಳವೆಬಾವಿಗಳ ನೀರು ತಗ್ಗುವುದು ದಿಟ. ಕುಡಿಯುವ ನೀರಿಗೇ ತೊಂದರೆಯಿರುವಾಗ ಅದನ್ನು ಗಿಡಗಳಿಗೆ ಹೊಯ್ಯಬಾರದೆಂಬುದೂ ದಿಟ. ಆದರೆ ಒಂದು ಸಲ ಮನೆಯೊಳಕ್ಕೆ ಬಂದು ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಉಪಯೋಗವಾದ ನೀರು ಬಚ್ಚಲಿನಿಂದ ಬೀದಿಗೆ ಹರಿದುಹೋಗುತ್ತಿರುವಾಗ, ನೀರೇ ಇಲ್ಲವೆನ್ನುವುದು ಯುಕ್ತವಲ್ಲ.

ನೀರಿನ ಲೆಕ್ಕ.— 1 ಚದರ ಮೀಟರು ನೆಲದ ಮೇಲೆ 1 ಮಿಲಿಮೀಟರು ನೀರು ನಿಂತರೆ 1 ಲೀಟರಾಗುವುದು. ಬಯಲುಸೀಮೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಬಿಸಿಲಿಗೆ, ಎಲೆ ತುಂಬಿದ ತರಕಾರಿ ಪಾತಿಯಿಂದ ದಿನಕ್ಕೆ ಸುಮಾರು 5ರಿಂದ 6 ಮಿಲಿಮೀಟರು ನೀರು ಆವಿಯಾಗುವುದು. ಈ ಪ್ರಕಾರ 20 ಅಡಿ ಉದ್ದ, 5 ಅಡಿ ಅಗಲವುಳ್ಳ ಪಾತಿಗೆ ದಿನಕ್ಕೆ ಸುಮಾರು 50 ಲೀಟರು ನೀರು ಬೇಕು. ಐವರಿರುವ ಕುಟುಂಬದಲ್ಲಿ ಒಬ್ಬೊಬ್ಬರು ಸ್ನಾನಕ್ಕೆ 20 ಲೀಟರನ್ನು ಮಾತ್ರ ಬಳಸಿದರೂ 100 ಲೀಟರಾಯಿತು. ಎಂದರೆ ಹೊಸದಾಗಿ ಒಂದು ಬಿಂದಿಗೆಯನ್ನೂ ಸೇದದೆ ಇಂಥ ಎರಡು ಪಾತಿಗಳನ್ನು ಬೇಸಗೆಯುದ್ದಕ್ಕೂ ಹಸುರಾಗಿಡಬಹುದು.

ನೀರನ್ನು ಸಾಗಿಸುವ ಕ್ರಮ.— ಬಚ್ಚಲಿನ ಬಾಯಲ್ಲಿ ಎರಡಡಿ ಆಳದ ಚಿಕ್ಕ ಗುಂಡಿಯನ್ನು ತೋಡಿ, ಕೆಳಗೆ ದಪ್ಪ ಜಲ್ಲಿಯನ್ನೂ ಮೇಲೆ ಮರಳನ್ನೂ ತುಂಬಿದರೆ ಜಿಡ್ಡು ಮತ್ತು ಕಸ ಅಲ್ಲಿಯೇ ನಿಲ್ಲುವುವು. ಅಲ್ಲಿಂದ ಸಣ್ಣ ಕಾಲುವೆಯ ಮೂಲಕ ನೀರನ್ನು ಪಾತಿಗಳಿಗೆ ತಿರುಗಿಸತಕ್ಕದ್ದು. ಮೇಲಿನ ಮರಳನ್ನು ಆಗಾಗ್ಗೆ ತೆಗೆದು ತೊಳೆಯಬೇಕು. ಈ ನೀರನ್ನು ಆಯಾ ದಿನವೇ ನೆಲಕ್ಕೆ ಕುಡಿಸಬೇಕೇ ಹೊರತು ತೊಟ್ಟಿಯಲ್ಲಿ ಕೂಡಿಡಬಾರದು. ನಿಂತರೆ ನಾರುವುದಲ್ಲದೆ ಸೊಳ್ಳೆಗಳಿಗೆ ತವರಾಗುವುದು. ಬಟ್ಟೆ ಒಗೆದ ಮೊದಲ ನೀರಿನಲ್ಲಿ ಸೋಡದ ಅಂಶ ಹೆಚ್ಚು. ಅದು ಕ್ರಮೇಣ ಮಣ್ಣನ್ನು ಬಿಗಿಯಾಗಿಸಿ ನೀರು ಇಂಗದಂತೆ ಮಾಡುವುದರಿಂದ ತೋಟಕ್ಕೆ ಬಿಡಕೂಡದು. ಪಾಯಖಾನೆಯ ನೀರು ಸರ್ವಥಾ ಸೇರಬಾರದು. ಬಚ್ಚಲ ನೀರು ಬುಡಕ್ಕೆ ಹರಿಯಬೇಕಲ್ಲದೆ ಎಲೆಗಳಿಗೆ ಸೋಕಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆ, ಮೂಲಂಗಿಗಳಿಗೆ ಅಕ್ಕಿ ತೊಳೆದ ನೀರೇ ಮೊದಲಾದ ಶುದ್ಧವಾದ ನೀರನ್ನೇ ಉಪಯೋಗಿಸುವುದು ಉಚಿತ.

ಪಾತಿಯ ರಚನೆ.— ಮಳೆಗಾಲದಲ್ಲಿ ಮಡಿಯು ನೆಲಕ್ಕಿಂತ ಎತ್ತರವಾಗಿರಬೇಕು. ಬೇಸಗೆಯಲ್ಲಿಯಾದರೋ ಮೂರು ನಾಲ್ಕು ಅಂಗುಲ ತಗ್ಗಾಗಿರಬೇಕು. ಅನೇಕರು ಮಳೆಗಾಲದ ಏರುಮಡಿಗಳಲ್ಲಿಯೇ ಬೇಸಗೆಯ ಬೀಜವನ್ನೂ ಹಾಕುವುದರಿಂದ ನೀರು ಪಕ್ಕಕ್ಕೆ ಜಾರಿ ವ್ಯರ್ಥವಾಗುವುದು. ಪಾತಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಸೇರಿಸಬೇಕು. ಹಸಿಗೊಬ್ಬರವು ಬೇರುಗಳಿಗೆ ಕಾವನ್ನುಂಟುಮಾಡುವುದಲ್ಲದೆ ಗೊಣ್ಣೆಹುಳುಗಳನ್ನೂ ತರುವುದು.

ದಿನವೂ ಮೇಲೆ ಮೇಲೆ ಚಿಮುಕಿಸಿದ ನೀರಿನಿಂದ ಬೇರುಗಳು ಮೇಲ್ಮಣ್ಣಿನಲ್ಲಿಯೇ ಉಳಿದು ಬಿಸಿಲಿಗೆ ಬೇಗ ಸೊರಗುವುವು. ಬೇರೂರಿದ ಗಿಡಗಳಿಗೆ ಒಂದು ದಿನ ಒಂದು ಪಾತಿಗೂ ಮರುದಿನ ಇನ್ನೊಂದಕ್ಕೂ ತುಂಬ ನೀರುಣಿಸುವುದು ಮೇಲು. ಹೊತ್ತು ಇಳಿದ ಮೇಲೆ ಅಥವಾ ಬೆಳಗಿನ ಜಾವದಲ್ಲಿ ಹಾಯಿಸಿದರೆ ನಷ್ಟ ಕಡಮೆ.

ಮುಚ್ಚಿಗೆ ಮತ್ತು ನೆರಳು.— ಬರಿಯ ಮಣ್ಣಿಗೆ ಬಿಸಿಲು ತಾಗದಂತೆ ತರಗೆಲೆ, ಹೊಂಗೆಸೊಪ್ಪು, ಕಡಲೆಕಾಯಿ ಸಿಪ್ಪೆ ಇವುಗಳಲ್ಲಿ ದೊರೆತುದನ್ನು ಎರಡು ಮೂರು ಅಂಗುಲ ದಪ್ಪ ಹರಡಬೇಕು. ಕೆಮ್ಮಣ್ಣಿನಲ್ಲಿ ಗೆದ್ದಲಿನ ಭಯವುಂಟಾದ ಕಾರಣ, ಕಾಂಡದ ಸುತ್ತ ನಾಲ್ಕು ಅಂಗುಲ ಬರಿದು ಬಿಡತಕ್ಕದ್ದು. ಎಳೆಯ ಸಸಿಗಳಿಗೆ ಪಡುವಣ ದಿಕ್ಕಿನಲ್ಲಿ ತೆಂಗಿನ ಗರಿಗಳನ್ನು ನೆಟ್ಟರೆ ಮಧ್ಯಾಹ್ನದ ಉರಿಬಿಸಿಲು ತಪ್ಪುವುದು.

ಬಚ್ಚಲಿಗೆ ದೂರವಾದ ಬಳ್ಳಿಗಳಿಗೆ ಕುಂಬಾರನ ಮಡಕೆಯಷ್ಟು ಮಿತವ್ಯಯದ ಸಾಧನವು ಮತ್ತೊಂದಿಲ್ಲ. ಹೊಳಪು ಬಳಿಯದ ಮಣ್ಣಿನ ಮಡಕೆಯನ್ನು ಕೊರಳಿನವರೆಗೆ ಹೂಳಿ, ಸುತ್ತ ಮೂರು ನಾಲ್ಕು ಬೀಜಗಳನ್ನೂರಿ, ಶುದ್ಧವಾದ ನೀರನ್ನು ತುಂಬಿ ಬಾಯಿ ಮುಚ್ಚಿದರೆ, ಮಣ್ಣು ಒಣಗಿದಂತೆಲ್ಲ ನೀರು ತಾನಾಗಿ ಜಿನುಗಿ ಬೇರಿಗೆ ಸೇರುವುದು. ಕೆಲವು ದಿನಗಳಿಗೊಮ್ಮೆ ತುಂಬಿದರೆ ಸಾಕು.

ಬೆಳೆಗಳ ಆಯ್ಕೆ.— ಕೋಸು, ಹೂಕೋಸು, ಬಟಾಣಿಗಳು ತಂಪನ್ನು ಬಯಸುವುವು. ಬೇಸಗೆಯ ಬಯಲಿನಲ್ಲಿ ಅವುಗಳಿಗಾಗಿ ನೀರನ್ನು ಕಳೆಯಬಾರದು. ದಂಟು ಮತ್ತು ಹರಿವೆ ಸೊಪ್ಪುಗಳು ಬಿತ್ತಿದ 25ರಿಂದ 30 ದಿನಗಳಲ್ಲಿಯೇ ಕೊಯ್ಲಿಗೆ ಬರುವುವು. ಹದಿನೈದು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಮನೆಗೆ ಸೊಪ್ಪು ತಪ್ಪದು. ಬೆಂಡೆ, ಗೋರಿಕಾಯಿ, ಅಲಸಂದೆಗಳು ಕಾವನ್ನು ತಾಳುವುವು. ಹೀರೆ, ಹಾಗಲ, ಸೋರೆಗಳಿಗೆ ಚಪ್ಪರ ಬೇಕು. ಕಾಲುವೆಯ ಅಂಚಿನಲ್ಲಿ ಬಸಳೆ, ಕೆಸು ಮತ್ತು ಒಂದೆರಡು ಬಾಳೆ ಇದ್ದರೆ ಹೆಚ್ಚಿನ ನೀರನ್ನು ಅವೇ ಹೀರಿಕೊಳ್ಳುವುವು. ಭರಣಿ ಮಳೆ ಬಿದ್ದೊಡನೆ, ಮುಂಗೈ ಗಾತ್ರದ 3ರಿಂದ 4 ಅಡಿ ಉದ್ದದ ನುಗ್ಗೆಯ ಕೊಂಬೆಯೊಂದನ್ನು ಬೇಲಿಯ ಬಳಿ ನೆಟ್ಟರೆ ಮುಂದಿನ ಬೇಸಗೆಗಳಿಗೆ ಸೊಪ್ಪಿನ ಚಿಂತೆಯಿರದು.

ರೋಗ ಮತ್ತು ಕೀಟ.— ಬೆಂಡೆಯ ಎಲೆಗಳ ನರಗಳು ಹಳದಿಯಾಗುವ ರೋಗವು ಬೇಸಗೆಯಲ್ಲಿ ಹೆಚ್ಚು. ಬಿಳಿನೊಣವು ಇದನ್ನು ಗಿಡದಿಂದ ಗಿಡಕ್ಕೆ ಹರಡುವುದು. ರೋಗ ತಗುಲಿದ ಗಿಡಕ್ಕೆ ಔಷಧವಿಲ್ಲ. ಕಂಡ ದಿನವೇ ಕಿತ್ತು ನಾಶಪಡಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಅನಾಮಿಕಾ ತಳಿಯು ಈ ರೋಗವನ್ನು ತಡೆಯುವ ಉದ್ದೇಶದಿಂದಲೇ ಸಿದ್ಧವಾದುದು. ಹೀರೆ ಹಾಗಲಗಳಲ್ಲಿ ಹಣ್ಣುನೊಣ ಚುಚ್ಚಿ ಉದುರಿದ ಕಾಯಿಗಳನ್ನು ಹಾಗೆಯೇ ಬಿಟ್ಟರೆ ಅವುಗಳೊಳಗಿನ ಹುಳುಗಳು ಮಣ್ಣಿಗಿಳಿದು ಮತ್ತೆ ನೊಣಗಳಾಗುವುವು. ಅಂಥ ಕಾಯಿಗಳನ್ನು ಆಯ್ದು ಆಳವಾಗಿ ಹೂಳತಕ್ಕದ್ದು.

ಮುಖಂಡರ ಕರ್ತವ್ಯ.— ಬಚ್ಚಲ ನೀರು ಬೀದಿಯಲ್ಲಿ ನಿಂತರೆ ಹತ್ತು ದಿನಗಳೊಳಗೆ ಸೊಳ್ಳೆಗಳ ಹೊಸ ಪೀಳಿಗೆಯು ಎದ್ದು ಊರಿಗೆಲ್ಲ ಉಪದ್ರವವಾಗುವುದು. ಅದೇ ನೀರು ಹಿತ್ತಿಲಿಗೆ ತಿರುಗಿದರೆ ಬೀದಿಯೂ ಒಣಗಿರುವುದು, ಮಕ್ಕಳ ತಟ್ಟೆಗೆ ಸೊಪ್ಪೂ ಬರುವುದು, ಬಾವಿಯ ನೀರು ಕುಡಿಯುವುದಕ್ಕೆ ಉಳಿಯುವುದು. ಇದಕ್ಕೆ ಬೇಕಾದುದು ಒಂದು ಗುದ್ದಲಿ ಮತ್ತು ಒಂದು ದಿನದ ದುಡಿಮೆ. ಗ್ರಾಮಸ್ಥರು ಉಪದೇಶಕ್ಕಿಂತ ಹೆಚ್ಚಾಗಿ ಮುಖಂಡರ ನಡತೆಯನ್ನು ನೋಡಿ ಅನುಸರಿಸುವರು. ಆದುದರಿಂದ ಗ್ರಾಮದ ಹಿರಿಯರೂ ಭೂಮಾಲೀಕರೂ ಮೊದಲು ತಮ್ಮ ತಮ್ಮ ಮನೆಯ ಬಚ್ಚಲ ಕಾಲುವೆಯನ್ನು ಹಿತ್ತಿಲಿಗೆ ತಿರುಗಿಸುವುದು ಉತ್ತಮ. ಯುಗಾದಿಗೆ ಮುಂಚೆ ಬಿತ್ತಿದ ದಂಟಿನ ಸೊಪ್ಪು ಭರಣಿ ಮಳೆಗೆ ಮೊದಲೇ ಅಡಿಗೆಮನೆಯನ್ನು ಸೇರಿದುದನ್ನು ಕಂಡರೆ, ನೆರೆಹೊರೆಯವರಿಗೆ ಬೇರೆ ಹೇಳಬೇಕಾಗಿಲ್ಲ.