ಪ್ಯಾಕೆಟ್ ಕಳೆದುಹೋದದ್ದು ಎಲ್ಲಿ?

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇಂಟರ್ನೆಟ್ ಹೆಚ್ಚುಕಡಿಮೆ ನಿಂತೇಹೋಯಿತು. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದಲ್ಲಿ ಬರೀ 40 ಬಿಟ್! ದೂರವೋ, 400 ಗಜ. ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೇ ಮಾಹಿತಿ ನುಗ್ಗಿಸಿದ್ದರಿಂದ ದಾರಿ ಕಟ್ಟಿಕೊಂಡಿತ್ತು. 1988ರಲ್ಲಿ ವ್ಯಾನ್ ಜೇಕಬ್ಸನ್ ಇದಕ್ಕೆ ಮದ್ದು ಪ್ರಕಟಿಸಿದರು. ಮಾಹಿತಿ ಸಾಗಿಸುವ ಟಿಸಿಪಿ ನಿಯಮಾವಳಿ, ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದರೆ ದಟ್ಟಣೆಯಿದೆ ಎಂದೇ ತಿಳಿದು ವೇಗ ತಗ್ಗಿಸಬೇಕು.

ತಂತಿಯ ಕಾಲಕ್ಕೆ ಅದು ಸರಿಯಾದ ಊಹೆ. ಮೊಬೈಲ್‌ಗೆ ಅಲ್ಲ. ನಾವು ಒಂದು ಗೋಡೆಯ ಮರೆಗೆ ಸರಿದರೂ ಸಾಕು, ರೇಡಿಯೋ ಅಲೆ ಕುಗ್ಗಿ ಪ್ಯಾಕೆಟ್ ಕೆಡುತ್ತದೆ. ದಾರಿ ಖಾಲಿಯೇ ಇರುತ್ತದೆ, ಆದರೂ ಟಿಸಿಪಿ ಹಿಂಜರಿಯುತ್ತದೆ.

1995ರಲ್ಲಿ ಬರ್ಕ್ಲಿಯಲ್ಲೇ ಹರಿ ಬಾಲಕೃಷ್ಣನ್ ಮತ್ತು ಸಂಗಡಿಗರು 'ಸ್ನೂಪ್' ಎಂಬ ಉಪಾಯ ಹೂಡಿದರು. ಫೋನಿನತ್ತ ಹೋಗುವ ಪ್ರತಿ ಪ್ಯಾಕೆಟ್‌ನ ನಕಲನ್ನು ರೇಡಿಯೋ ಕೇಂದ್ರವೇ ಇಟ್ಟುಕೊಳ್ಳುತ್ತದೆ. ಯಾವುದಾದರೂ ತಲುಪದಿದ್ದರೆ ತಾನೇ ಮತ್ತೆ ಕಳಿಸಿ, ಆ ಸುದ್ದಿ ಸರ್ವರ್‌ವರೆಗೆ ಹೋಗದಂತೆ ತಡೆಯುತ್ತದೆ. 4ಜಿಯಲ್ಲಿ ಈ ರಿಪೇರಿ ರೇಡಿಯೋ ಪದರದಲ್ಲೇ, ಸುಮಾರು 8 ಮಿಲಿಸೆಕೆಂಡಿಗೊಮ್ಮೆ ನಡೆಯುತ್ತದೆ. ನನಗೆ ತುಂಬ ಮೆಚ್ಚುಗೆಯಾಗುವುದು ಇದರ ಒಂದು ಜಾಣತನ: ಫೋನು ಕೆಟ್ಟು ಬಂದ ಪ್ರತಿಯನ್ನು ಎಸೆಯುವುದಿಲ್ಲ. ಎರಡನೇ ಸಲ ಬಂದದ್ದೂ ಅರೆಬರೆಯಾಗಿದ್ದರೆ ಎರಡನ್ನೂ ಕೂಡಿಸಿ ಪೂರ್ತಿ ಸಂದೇಶ ಬಿಡಿಸಿಕೊಳ್ಳುತ್ತದೆ.

ಆದರೆ ನಷ್ಟ ಮರೆಯಾದಲ್ಲಿ ವಿಳಂಬ ತಲೆಯೆತ್ತಿತು. ಟವರ್‌ನ ಬಳಿ ಪ್ಯಾಕೆಟ್‌ಗಳು ಉದ್ದ ಸರದಿಯಲ್ಲಿ ಕಾಯುತ್ತವೆ. ಏನೂ ಕಳೆಯದ ಕಾರಣ ಟಿಸಿಪಿ ಇನ್ನಷ್ಟು ತುಂಬುತ್ತದೆ. ವಿಡಿಯೋ ಕರೆಯಲ್ಲಿ ಮಾತು ತಡವಾಗಿ ಕೇಳುವುದಕ್ಕೆ ಇದೂ ಒಂದು ಕಾರಣ. ಗೂಗಲ್ 2016ರಲ್ಲಿ ಪ್ರಕಟಿಸಿದ 'ಬಿಬಿಆರ್' ಎಂಬ ದಟ್ಟಣೆ ನಿಯಂತ್ರಣ ವಿಧಾನ ಹಾಗಾಗಿ ನಷ್ಟವನ್ನು ಮುಖ್ಯ ಸುಳಿವಾಗಿ ನೋಡುವುದನ್ನೇ ಬಿಟ್ಟು, ದಾರಿಯ ಅಗಲವನ್ನೂ ಹೋಗಿಬರುವ ಕನಿಷ್ಠ ಸಮಯವನ್ನೂ ಅಳೆಯುತ್ತದೆ. ಆ ತಂಡದಲ್ಲಿ ಜೇಕಬ್ಸನ್ ಕೂಡ ಇದ್ದರು. ತಾವೇ ಸುಮಾರು ಮೂವತ್ತು ವರ್ಷ ಹಿಂದೆ ಹಾಕಿದ ಅಡಿಪಾಯವನ್ನು ಮತ್ತೆ ಕೆದಕಿ ನೋಡುವ ಈ ಬಗೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಇನ್ನೊಂದು ತೊಡಕು ಉಳಿದಿತ್ತು. ಮನೆಯ ವೈಫೈ ಬಿಟ್ಟು ಬೀದಿಗಿಳಿದರೆ ಫೋನಿನ ಐಪಿ ವಿಳಾಸ ಬದಲಾಗುತ್ತದೆ, ಹಳೆಯ ಟಿಸಿಪಿ ಸಂಪರ್ಕ ಕಡಿದುಹೋಗುತ್ತದೆ. 2021ರಲ್ಲಿ ಅಧಿಕೃತ ಮಾನಕವಾದ 'ಕ್ವಿಕ್' ಎಂಬ ನಿಯಮಾವಳಿ, ಪ್ರತಿ ಸಂಪರ್ಕಕ್ಕೂ ವಿಳಾಸದ ಹಂಗಿಲ್ಲದ ಗುರುತು ಸಂಖ್ಯೆ ಕೊಡುತ್ತದೆ. ಸರ್ವರ್ ಕಡೆಯಲ್ಲೂ ಇದಕ್ಕೆ ಏರ್ಪಾಡಿದ್ದರೆ, ಗೇಟು ದಾಟಿದ ಮೇಲೂ ಅರ್ಧವಾಗಿದ್ದ ಡೌನ್‌ಲೋಡ್ ಮುಂದುವರಿಯುತ್ತದೆ.